ಮೊದಲು ಮಾತಾಡಬೇಕಾದವರ ಆಟ: ಟಿ.ವಿ. ನೋಡುತ್ತ ಪೋಕರ್ ಕಲಿಯುವುದು ಹೇಗೆ?

ಟಿ.ವಿ.ಯಲ್ಲಿ ಪೋಕರ್ ನೋಡುವವರಿಗೆ ಮೇಜಿನ ಸುತ್ತ ಕೂತವರಿಗಿಂತ ಹೆಚ್ಚು ಗೊತ್ತಿರುತ್ತದೆ. ಯಾರ ಕೈಯಲ್ಲಿ ಯಾವ ಎಲೆಯಿದೆ, ಯಾರು ಗೆಲ್ಲುವ ಸಾಧ್ಯತೆ ಎಷ್ಟು, ಎಲ್ಲವೂ ಪರದೆಯ ಮೂಲೆಯಲ್ಲಿ ಕಾಣುತ್ತಿರುತ್ತದೆ. ಹಾಗಾಗಿ ಒಳ್ಳೆಯ ಕೈ ಇಟ್ಟುಕೊಂಡ ಆಟಗಾರನೊಬ್ಬ ಹತ್ತು ನಿಮಿಷ ತಲೆ ಕೆರೆದುಕೊಂಡು ಕೊನೆಗೆ ಎಲೆ ಎಸೆದಾಗ ‘ಅಯ್ಯೋ, ಇಷ್ಟೂ ತಿಳಿಯಲಿಲ್ಲವೇ’ ಅನ್ನಿಸುತ್ತದೆ. ಆ ಆಟಗಾರನ ಸಂಕಟಕ್ಕೆ ಎಷ್ಟೋ ಸಲ ಕಾರಣ ಅವನ ಎಲೆಯಲ್ಲ, ಅವನು ಕೂತ ಜಾಗ. ಪ್ರತಿ ಸುತ್ತಿನಲ್ಲೂ ಅವನೇ ಮೊದಲು ಮಾತಾಡಬೇಕು. ಎದುರಾಳಿ ಅದನ್ನು ಕೇಳಿಸಿಕೊಂಡು ಆಮೇಲೆ ತೀರ್ಮಾನಿಸುತ್ತಾನೆ. ಪೋಕರ್ ಮಂದಿ ಇದನ್ನು ‘ಔಟ್ ಆಫ್ ಪೊಸಿಷನ್’ ಆಡುವುದು ಎನ್ನುತ್ತಾರೆ. ಹೊಸಬರು ಹೆಚ್ಚು ಚಿಪ್ ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಆಟವನ್ನು ಇಲ್ಲಿಂದಲೇ ಕಲಿಯಲು ತೊಡಗುವುದು ಒಳ್ಳೆಯದು ಎಂಬುದು ನನ್ನ ದೃಢ ನಂಬಿಕೆ.

ಮುಂದಿನ ಹಂತಗಳೆಲ್ಲ ಟೆಕ್ಸಾಸ್ ಹೋಲ್ಡೆಮ್ ಆಟಕ್ಕೆ ಸಂಬಂಧಿಸಿದವು. ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಆ ಐದರಲ್ಲಿ ಮೊದಲ ಮೂರು ಒಟ್ಟಿಗೆ ಬಿದ್ದರೆ ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಜೋಡಿ, ಸ್ಟ್ರೇಟ್, ಫ್ಲಶ್ ಯಾವುದಕ್ಕಿಂತ ಯಾವುದು ದೊಡ್ಡದು ಎಂಬಷ್ಟು ಗೊತ್ತಿದ್ದರೆ ಸಾಕು.

ಹಂತ 1: ಯಾರ ಸರದಿ ಮೊದಲು, ಯಾರದು ಕೊನೆ ಎಂದು ಗುರುತಿಸಿ

ಎಲೆ ನೋಡುವ ಮೊದಲು ಬಟನ್ ನೋಡಿ. ಮೇಜಿನ ಮೇಲೆ ಒಬ್ಬರ ಮುಂದೆ ಇರುವ ಬಿಳಿ ಬಿಲ್ಲೆ ಅದು. ಬಟನ್ ಇರುವವರ ಎಡಕ್ಕೆ ಕೂತವರು ಸ್ಮಾಲ್ ಬ್ಲೈಂಡ್, ಅವರ ಎಡಕ್ಕೆ ಬಿಗ್ ಬ್ಲೈಂಡ್. ಈ ಇಬ್ಬರೂ ಎಲೆ ನೋಡುವ ಮುಂಚೆಯೇ ಕಡ್ಡಾಯವಾಗಿ ಒಂದಿಷ್ಟು ಚಿಪ್ ಕಟ್ಟಿರುತ್ತಾರೆ. ಫ್ಲಾಪ್‌ಗೆ ಮುಂಚಿನ ಸುತ್ತಿನಲ್ಲಿ ಇವರು ಕೊನೆಗೆ ಮಾತಾಡುತ್ತಾರೆ. ಹೊಸಬರು ಮೋಸ ಹೋಗುವುದು ಇಲ್ಲಿ. ಆ ಅನುಕೂಲ ಒಂದೇ ಸುತ್ತಿನದು. ಫ್ಲಾಪ್ ಬಿದ್ದ ಮೇಲೆ ಮೂರು ಸುತ್ತಿನಲ್ಲೂ ಸ್ಮಾಲ್ ಬ್ಲೈಂಡ್ ಮೊದಲು, ಆಮೇಲೆ ಬಿಗ್ ಬ್ಲೈಂಡ್. ಬಟನ್ ಇರುವವರು ಎಲ್ಲರಿಗಿಂತ ಕೊನೆಗೆ.

ಇಬ್ಬರೇ ಉಳಿದಾಗ ಬಟನ್ ಇರುವವರೇ ಸ್ಮಾಲ್ ಬ್ಲೈಂಡ್ ಕಟ್ಟುತ್ತಾರೆ. ಫ್ಲಾಪ್‌ಗೆ ಮುಂಚೆ ಅವರು ಮೊದಲು, ಆಮೇಲೆ ಅವರೇ ಕೊನೆ. ಫೈನಲ್ ಪಂದ್ಯಗಳನ್ನು ನೋಡುವಾಗ ಇದು ನೆನಪಿರಲಿ.

ಕೊನೆಗೆ ಮಾತಾಡುವವರಿಗೆ ಸಿಗುವುದೇನು? ನೀವು ಚೆಕ್ ಎಂದರೆ, ಅಂದರೆ ಚಿಪ್ ಕಟ್ಟದೆ ಸರದಿ ದಾಟಿಸಿದರೆ, ಅವರು ತಾವೂ ಚೆಕ್ ಎಂದು ಮುಂದಿನ ಎಲೆಯನ್ನು ಬಿಟ್ಟಿಯಾಗಿ ನೋಡಬಹುದು, ಅಥವಾ ನೀವು ಬಲಹೀನರೆಂದು ಊಹಿಸಿ ಚಿಪ್ ಕಟ್ಟಿ ಬೆಟ್ ಮಾಡಬಹುದು. ನೀವು ಬೆಟ್ ಮಾಡಿದರೆ ಅದರ ಗಾತ್ರ ನೋಡಿ ಫೋಲ್ಡ್ (ಎಲೆ ಎಸೆಯುವುದು), ಕಾಲ್ (ಅಷ್ಟೇ ಚಿಪ್ ಕೊಡುವುದು), ರೇಸ್ (ಇನ್ನೂ ಏರಿಸುವುದು) ಮೂರರಲ್ಲಿ ಒಂದನ್ನು ಆರಿಸಬಹುದು. ಪಾಟ್, ಅಂದರೆ ಮೇಜಿನ ನಡುವೆ ಸೇರಿದ ಚಿಪ್ ರಾಶಿ, ಎಷ್ಟು ಬೆಳೆಯಬೇಕು ಎಂಬ ಕೊನೆಯ ಮಾತು ಅವರದೇ. ಮೊದಲು ಮಾತಾಡುವವರಿಗೆ ಇದಾವುದೂ ಇಲ್ಲ. ಒಳ್ಳೆಯ ಕೈ ಇಟ್ಟುಕೊಂಡು, ಎದುರಾಳಿ ಬೆಟ್ ಮಾಡಲೆಂದು ಚೆಕ್ ಎಂದರೆ ಅವರೂ ಚೆಕ್ ಎಂದುಬಿಡಬಹುದು. ಸಾಧಾರಣ ಕೈಗೆ ಬೆಟ್ ಕಟ್ಟಿದರೆ ರೇಸ್ ಬಂದು ಕಂಗಾಲಾಗಬಹುದು.

ಹಂತ 2: ಪರದೆಯ ಎಲೆಗಳನ್ನು ಮುಚ್ಚಿ ನೋಡಿ

ಪೋಕರ್‌ನ ವರ್ಲ್ಡ್ ಸೀರೀಸ್ 1970ರಿಂದ ಲಾಸ್ ವೇಗಾಸ್‌ನಲ್ಲಿ ನಡೆಯುತ್ತ ಬಂದಿದೆ. ಆದರೂ ಎಷ್ಟೋ ವರ್ಷ ಟಿ.ವಿ.ಯಲ್ಲಿ ಅದು ನೀರಸವಾಗಿತ್ತು, ಯಾಕೆಂದರೆ ನೋಡುವವರಿಗೆ ಆಟಗಾರರ ಎಲೆ ಕಾಣುತ್ತಿರಲಿಲ್ಲ. ಇದನ್ನು ಬದಲಿಸಿದವರು ಹೆನ್ರಿ ಓರೆನ್‌ಸ್ಟೀನ್. ಪೋಲೆಂಡ್‌ನಲ್ಲಿ ಹುಟ್ಟಿ, ನಾಜಿ ಶಿಬಿರಗಳಿಂದ ಬದುಕುಳಿದು ಅಮೆರಿಕಕ್ಕೆ ಬಂದು, ಆಟಿಕೆಗಳನ್ನು ರೂಪಿಸುವುದರಲ್ಲಿ ಹೆಸರು ಮಾಡಿದವರು. ಮೇಜಿನೊಳಗಿಂದ ಗುಟ್ಟಿನ ಎಲೆಯನ್ನು ತೋರಿಸುವ ಕ್ಯಾಮೆರಾಕ್ಕೆ 1995ರಲ್ಲಿ ಪೇಟೆಂಟ್ ಪಡೆದರು. 1999ರಲ್ಲಿ ಬ್ರಿಟನ್ನಿನ ಚಾನೆಲ್ 4ರ ‘ಲೇಟ್ ನೈಟ್ ಪೋಕರ್’ ಕಾರ್ಯಕ್ರಮ ಮೇಜಿನ ಅಂಚಿನಲ್ಲಿ ಗಾಜು ಕೂರಿಸಿ ಎಲೆಗಳನ್ನು ತೋರಿಸಿತು. 2003ರಲ್ಲಿ ಅಮೆರಿಕದಲ್ಲಿ ‘ವರ್ಲ್ಡ್ ಪೋಕರ್ ಟೂರ್’ ಪ್ರಸಾರ ಶುರುವಾಯಿತು. ಆಮೇಲೆ ಜನ ಪೋಕರ್ ನೋಡಲು ಮುಗಿಬಿದ್ದರು.

ಆ ಕ್ಯಾಮೆರಾ ನೋಡುಗರಿಗೆ ದೊಡ್ಡ ಉಪಕಾರ ಮಾಡಿತು, ಕಲಿಯುವವರಿಗೆ ಒಂದು ತೊಡಕನ್ನೂ ತಂದಿಟ್ಟಿತು. ಪರದೆಯ ಪ್ರತಿಶತ ಎಲ್ಲರ ಎಲೆಯನ್ನೂ ನೋಡಿ ಹಾಕಿದ ಲೆಕ್ಕ. ಮೇಜಿನಲ್ಲಿ ಕೂತ ಯಾರಿಗೂ ಆ ಲೆಕ್ಕ ಸಿಗುವುದಿಲ್ಲ. ಆದ್ದರಿಂದ ಹೀಗೆ ಮಾಡಿ: ಹಳೆಯ ಪ್ರಸಾರವೊಂದನ್ನು ಹಾಕಿಕೊಂಡು, ಎಲೆ ಮತ್ತು ಪ್ರತಿಶತ ಕಾಣುವ ಭಾಗಕ್ಕೆ ರಟ್ಟಿನ ತುಂಡು ಅಂಟಿಸಿ. ಮೊದಲು ಮಾತಾಡಬೇಕಾದ ಆಟಗಾರನ ಎರಡು ಎಲೆಯನ್ನು ಮಾತ್ರ ಒಮ್ಮೆ ನೋಡಿಕೊಳ್ಳಿ. ಅವರ ಸರದಿ ಬಂದಾಗಲೆಲ್ಲ ವಿಡಿಯೊ ನಿಲ್ಲಿಸಿ, ನೀವಾದರೆ ಏನು ಮಾಡುತ್ತಿದ್ದಿರಿ, ಎದುರಾಳಿ ರೇಸ್ ಮಾಡಿದರೆ ಏನು ಮಾಡುತ್ತೀರಿ ಎಂದು ಜೋರಾಗಿ ಹೇಳಿ. ಆಮೇಲೆ ಮುಂದಕ್ಕೆ ಓಡಿಸಿ. ಒಂದು ಸಂಜೆ ಹೀಗೆ ನೋಡಿದರೂ ಆಟದ ಮುಖವೇ ಬೇರೆಯಾಗಿ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ಸಂಕಲನ ಮಾಡಿದ ಕಾರ್ಯಕ್ರಮಗಳಲ್ಲಿ ಕಾಣುವುದು ಬಹುತೇಕ ದೊಡ್ಡ ಪಾಟ್‌ಗಳು. ಬಿಗ್ ಬ್ಲೈಂಡಿನಲ್ಲಿ ಕೂತವರು ಸದ್ದಿಲ್ಲದೆ ಎಲೆ ಎಸೆದ ನೂರಾರು ಸಲ ಕತ್ತರಿಗೆ ಸಿಕ್ಕಿಹೋಗಿರುತ್ತವೆ. ಉಳಿದದ್ದನ್ನಷ್ಟೇ ನೋಡಿ ದೊಡ್ಡವರು ಯಾವ ಎಲೆಯನ್ನಾದರೂ ಆಡುತ್ತಾರೆ ಎಂದುಕೊಳ್ಳಬೇಡಿ. ಸಾಧ್ಯವಾದರೆ ಕೆಲ ನಿಮಿಷ ತಡವಾಗಿ, ಪೂರ್ತಿಯಾಗಿ ಪ್ರಸಾರವಾಗುವ ಫೈನಲ್ ಟೇಬಲ್‌ಗಳನ್ನು ನೋಡಿ. ಅಲ್ಲಿ ಫೋಲ್ಡ್‌ಗಳೂ ಕಾಣುತ್ತವೆ.

ಹಂತ 3: ಕಡಿಮೆ ಕೈಗಳನ್ನು ಆಡಿ, ಬೆಲೆ ನೋಡಿ ಆಡಿ

ಪೊಸಿಷನ್ ಇಲ್ಲದ ಕಡೆ ಮೊದಲ ರಕ್ಷಣೆ ಎಂದರೆ ಅಲ್ಲಿ ಹೆಚ್ಚು ಸಲ ಸಿಕ್ಕಿಹಾಕಿಕೊಳ್ಳದಿರುವುದು. ಬೇರೆ ಬೇರೆ ಬೆಲೆಯ ಎರಡು ಎಲೆ ಕೈಯಲ್ಲಿದ್ದಾಗ ಫ್ಲಾಪಿನಲ್ಲಿ ಜೋಡಿಯಾದರೂ ಕೂಡುವುದು ಸುಮಾರು ಮೂರರಲ್ಲಿ ಒಂದು ಸಲ. ಉಳಿದ ಎರಡು ಸಲ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಮೊದಲು ಮಾತಾಡಬೇಕಾದವರೂ ನೀವೇ.

ಲೆಕ್ಕ ಸರಳ. ಬ್ಲೈಂಡ್ 100 ಮತ್ತು 200 ಎಂದಿಟ್ಟುಕೊಳ್ಳಿ. ಬಟನ್‌ನಿಂದ 500ಕ್ಕೆ ರೇಸ್ ಬಂತು, ಸ್ಮಾಲ್ ಬ್ಲೈಂಡ್ ಫೋಲ್ಡ್ ಮಾಡಿದರು. ಬಿಗ್ ಬ್ಲೈಂಡಿನಲ್ಲಿರುವ ನೀವು ಆಗಲೇ 200 ಕಟ್ಟಿದ್ದೀರಿ. ಇನ್ನು 300 ಕೊಟ್ಟರೆ ಪಾಟ್ 1,100 ಆಗುತ್ತದೆ. 1,100ರಲ್ಲಿ 300 ಎಂದರೆ ಶೇಕಡಾ 27. ಗೆಲ್ಲುವ ಸಾಧ್ಯತೆ ಅದಕ್ಕಿಂತ ಹೆಚ್ಚಿದ್ದರೆ ಕಾಲ್ ಮಾಡಬಹುದು ಎನ್ನುತ್ತದೆ ಲೆಕ್ಕ. ಆದರೆ ಆ ಸಾಧ್ಯತೆ ಐದೂ ಎಲೆ ಬೀಳುವವರೆಗೆ ಕೂತಿರುತ್ತೀರಿ ಎಂದುಕೊಂಡು ಹೇಳಿದ್ದು. ಮೊದಲು ಮಾತಾಡುವವರು ಅರ್ಧ ದಾರಿಯಲ್ಲೇ ಬೆಟ್‌ಗೆ ಹೆದರಿ ಎಷ್ಟೋ ಸಲ ಕೈಬಿಡುತ್ತಾರೆ. ಆದ್ದರಿಂದ ಶೇಕಡಾ 27ರ ಅಂಚಿನಲ್ಲಿರುವ ಕೈಯನ್ನು ಬಿಟ್ಟುಬಿಡಿ. ಅದಕ್ಕಿಂತ ಸ್ಪಷ್ಟವಾಗಿ ಮೇಲಿರುವುದನ್ನು ಆಡಿ. ಪಕ್ಕಪಕ್ಕದ ಅಂಕಿಯ, ಒಂದೇ ಬಗೆಯ ಎಲೆಗಳು, ಉದಾಹರಣೆಗೆ ಆಟಿನ್ 10 ಮತ್ತು ಆಟಿನ್ 9, ಇಲ್ಲಿ ಚೆನ್ನಾಗಿ ನಿಲ್ಲುತ್ತವೆ. ಬೇರೆ ಬೇರೆ ಬಗೆಯ ರಾಜ ಮತ್ತು 4 ನೋಡಲು ದೊಡ್ಡದು, ಆಡಲು ಹಿಂಸೆ. ರಾಜ ಜೋಡಿಯಾದರೂ ಪಕ್ಕದ 4 ನಿಮ್ಮನ್ನು ಮುಳುಗಿಸುತ್ತದೆ.

ಸ್ಮಾಲ್ ಬ್ಲೈಂಡ್ ಇನ್ನೂ ಕಠಿಣ. ಅದೇ ರೇಸ್‌ಗೆ ಅಲ್ಲಿಂದ 400 ಕೊಡಬೇಕು, ಹಿಂದೆ ಬಿಗ್ ಬ್ಲೈಂಡ್ ಇನ್ನೂ ಮಾತಾಡುವುದು ಬಾಕಿ, ಫ್ಲಾಪ್ ಬಿದ್ದರೆ ಎಲ್ಲರಿಗಿಂತ ಮೊದಲ ಸರದಿ. ಹೊಸಬರಿಗೆ ನಾನು ಹೇಳುವ ನಿಯಮ ಒಂದೇ: ಸ್ಮಾಲ್ ಬ್ಲೈಂಡಿನಿಂದ ಕಾಲ್ ಮಾಡಬೇಡಿ. ಕೈ ಚೆನ್ನಾಗಿದ್ದರೆ ಮತ್ತೆ ರೇಸ್ ಮಾಡಿ, ಇಲ್ಲದಿದ್ದರೆ ಫೋಲ್ಡ್. ರೇಸ್ ಮಾಡಿದರೆ ಪಾಟ್ ಅಲ್ಲೇ ನಿಮ್ಮದಾಗುವ ಸಂಭವವಿದೆ. ಇಲ್ಲವಾದರೂ ಬಿಗ್ ಬ್ಲೈಂಡ್ ಸಾಮಾನ್ಯವಾಗಿ ಹಿಂದೆ ಸರಿಯುತ್ತಾರೆ, ಮೇಜಿನ ಹಿಡಿತ ನಿಮ್ಮ ಕಡೆಗೆ ಬರುತ್ತದೆ. ಪರಿಣತರು ಇದಕ್ಕೆ ಬೇಕಾದಷ್ಟು ವಿನಾಯಿತಿ ಕೊಡುತ್ತಾರೆ. ಮೊದಲ ಕೆಲ ತಿಂಗಳು ನೀವು ಕೊಡಬೇಡಿ.

ಹಂತ 4: ಫ್ಲಾಪ್ ಬಿದ್ದಾಗ ಚೆಕ್ ಎನ್ನಿ, ಒಳ್ಳೆಯ ಕೈಗೂ

ಬಿಗ್ ಬ್ಲೈಂಡಿನಿಂದ ಕಾಲ್ ಮಾಡಿ ಫ್ಲಾಪ್ ನೋಡಿದ್ದೀರಿ. ಈಗ ನಿಮ್ಮ ಸಾಮಾನ್ಯ ಉತ್ತರ ಚೆಕ್. ರೇಸ್ ಮಾಡಿದವರ ಹತ್ತಿರ ದೊಡ್ಡ ಜೋಡಿಗಳು ಇರುವ ಸಂಭವ ನಿಮಗಿಂತ ಹೆಚ್ಚು. ಅವರ ಎದುರು ಮೊದಲೇ ಬೆಟ್ ಕಟ್ಟುವುದು 6-5-4ರಂಥ ಸಣ್ಣ, ಕೂಡಿಕೊಂಡ ಫ್ಲಾಪ್‌ಗಳಲ್ಲಿ ಕೆಲವೊಮ್ಮೆ ಸರಿ. ಉಳಿದಂತೆ ಅವರೇ ಬೆಟ್ ಮಾಡಲಿ.

ಹೊಸಬರು ಎಡವುವುದು ಒಳ್ಳೆಯ ಕೈಗೂ ಚೆಕ್ ಎನ್ನಬೇಕು ಎಂಬ ಎರಡನೇ ಭಾಗದಲ್ಲಿ. ಏನೂ ಇಲ್ಲದಾಗ ಚೆಕ್, ಇದ್ದಾಗ ಬೆಟ್ ಎಂದು ಆಡಿದರೆ ನಿಮ್ಮ ಎಲೆಯನ್ನು ಮೇಜಿನ ಮೇಲೆ ಮಗುಚಿಟ್ಟು ಆಡಿದಂತೆಯೇ. ಚೆಕ್ ಎಂಬ ಮಾತಿನ ಹಿಂದೆ ಏನು ಬೇಕಾದರೂ ಇರಬಹುದು ಎಂಬ ಅಳುಕು ಎದುರಾಳಿಗೆ ಇರಬೇಕು.

ಟಿ.ವಿ. ದಾಖಲಿಸಿದ ಇದರ ಅತ್ಯಂತ ಹೆಸರಾದ ಉದಾಹರಣೆ 1988ರ ವರ್ಲ್ಡ್ ಸೀರೀಸ್ ಫೈನಲ್. ಆಗ ಗುಟ್ಟಿನ ಎಲೆಯ ಕ್ಯಾಮೆರಾ ಇರಲಿಲ್ಲ. ಜಾನಿ ಚಾನ್ ಕೈಯಲ್ಲಿ ಕಳಾವರ್ ಗುಲಾಮ ಮತ್ತು 9. ಎರಿಕ್ ಸೈಡೆಲ್ ಕೈಯಲ್ಲಿ ರಾಣಿ ಮತ್ತು 7. ಫ್ಲಾಪ್ ರಾಣಿ, 10, 8. ಚಾನ್‌ಗೆ ಆಗಲೇ ಸ್ಟ್ರೇಟ್ ಕೂಡಿತ್ತು. ಸೈಡೆಲ್‌ಗೆ ಮೇಜಿನ ಅತಿ ದೊಡ್ಡ ಜೋಡಿ. ಚಾನ್ ಟರ್ನ್‌ನಲ್ಲಿ ಚೆಕ್ ಎಂದು, ತಮಗೇನೂ ಸಿಕ್ಕಿಲ್ಲ ಎಂಬಂತೆ ಕೂತರು. ಕೊನೆಗೆ ಸೈಡೆಲ್ ತಮ್ಮೆಲ್ಲ ಚಿಪ್ ಮುಂದೆ ತಳ್ಳಿದರು, ಚಾನ್ ಸತತ ಎರಡನೇ ವರ್ಷ ಚಾಂಪಿಯನ್ ಆದರು. 1998ರ ‘ರೌಂಡರ್ಸ್’ ಚಲನಚಿತ್ರ ಈ ಕೈಯನ್ನು ಪೋಕರ್ ಗೊತ್ತಿಲ್ಲದವರಿಗೂ ಪರಿಚಯಿಸಿತು. ಆ ದೃಶ್ಯ ನೋಡುವಾಗ ಚಾನ್ ಮುಖವನ್ನಷ್ಟೇ ನೋಡದೆ ಅವರ ಚೆಕ್ಕನ್ನೂ ಗಮನಿಸಿ: ಬಲವಾದ ಕೈಯನ್ನು ಮರೆಮಾಡಿದ ಆ ಮಾತನ್ನೇ ಅವರು ಬಲೆ ಮಾಡಿಕೊಂಡರು.

ಸಾಧಾರಣ ಕೈಗಳಲ್ಲಿ ಏನು ಮಾಡಬೇಕು? ನಿಮ್ಮ ಹತ್ತಿರ ಆಟಿನ್ 10 ಮತ್ತು 9 ಇದೆ, ಫ್ಲಾಪ್ ಇಸ್ಪೀಟು 10, ಆಟಿನ್ 6, ಕಳಾವರ್ 2 ಎಂದಿಟ್ಟುಕೊಳ್ಳಿ. ಚೆಕ್ ಎಂದಿರಿ, ಬಟನ್‌ನಿಂದ 1,100ರ ಪಾಟ್‌ಗೆ 400 ಬೆಟ್ ಬಂತು. ಇಲ್ಲಿ ಸುಮ್ಮನೆ ಕಾಲ್ ಮಾಡಿ. ರೇಸ್ ಮಾಡಿದರೆ ನಿಮಗಿಂತ ಕೆಳಗಿನ ಕೈಗಳು ಓಡಿಹೋಗುತ್ತವೆ, ಮೇಲಿನ ಕೈಗಳು ಉಳಿಯುತ್ತವೆ, ಪಾಟ್ ಮಾತ್ರ ಉಬ್ಬುತ್ತದೆ. ಪೊಸಿಷನ್ ಇಲ್ಲದವರಿಗೆ ಸಾಧಾರಣ ಕೈಯೊಂದಿಗೆ ಉಬ್ಬಿದ ಪಾಟ್‌ಗಿಂತ ಕೆಟ್ಟದ್ದು ಬೇರೆಯಿಲ್ಲ.

ರೇಸ್ ಮಾಡಿದವರು ನೀವೇ ಆಗಿದ್ದು, ಬಟನ್‌ನವರು ಕಾಲ್ ಮಾಡಿದ ಸಂದರ್ಭಕ್ಕೂ ಇದೇ ಮಾತು ಸಲ್ಲುತ್ತದೆ. ಪ್ರತಿ ಫ್ಲಾಪ್‌ಗೂ ಬೆಟ್ ಮಾಡಲೇಬೇಕು ಎಂಬ ಹಟ ಬೇಡ. ಕೆಲವು ಒಳ್ಳೆಯ ಕೈಗಳನ್ನೂ ಚೆಕ್ ಗುಂಪಿಗೆ ಹಾಕಿ.

ಹಂತ 5: ಚೆಕ್-ರೇಸ್ ಕಲಿಯಿರಿ

ಚೆಕ್ ಎಂದು, ಎದುರಾಳಿ ಬೆಟ್ ಮಾಡಿದ ಮೇಲೆ ರೇಸ್ ಮಾಡುವುದು ಮೊದಲು ಮಾತಾಡುವವರಿಗೆ ಇರುವ ದೊಡ್ಡ ಅಸ್ತ್ರ. ಒಂದೇ ಸುತ್ತಿನಲ್ಲಿ ಎರಡು ಸಲ ಮಾತಾಡುವ ಅವಕಾಶ ಅದು. ಎರಡು ಬಗೆಯ ಕೈಗಳನ್ನು ಬೆರೆಸಿ ಆಡಿ: ತುಂಬ ಬಲವಾದವು, ಮತ್ತು ಇನ್ನೂ ಕೂಡದ, ಆದರೆ ಕೂಡಿದರೆ ದೊಡ್ಡದಾಗುವ ಎಲೆಗಳು. ಫ್ಲಶ್‌ಗೆ ಒಂದೇ ಎಲೆ ಕಡಿಮೆ ಇದ್ದಾಗ ಮುಂದಿನ ಎಲೆಯಲ್ಲೇ ಅದು ಬರುವ ಸಾಧ್ಯತೆ ಸುಮಾರು ಶೇಕಡಾ 19, ಟರ್ನ್ ಮತ್ತು ರಿವರ್ ಎರಡೂ ಸೇರಿ ಸುಮಾರು ಶೇಕಡಾ 35. ಆ ಕೈಯಿಂದ ಚೆಕ್-ರೇಸ್ ಮಾಡಿದರೆ ಎದುರಾಳಿ ಆಗಲೇ ಫೋಲ್ಡ್ ಮಾಡಬಹುದು, ಮಾಡದಿದ್ದರೂ ನಿಮ್ಮ ಎಲೆ ಬರಬಹುದು.

‘ಹೈ ಸ್ಟೇಕ್ಸ್ ಪೋಕರ್’ ಕಾರ್ಯಕ್ರಮದಲ್ಲಿ ಡೇನಿಯಲ್ ನೆಗ್ರಾನು ಮತ್ತು ಗಸ್ ಹ್ಯಾನ್ಸನ್ ಆಡಿದ ಕೈಯೊಂದಿದೆ, ಹುಡುಕಿ ನೋಡಿ. ನೆಗ್ರಾನು ಹತ್ತಿರ 6ರ ಜೋಡಿ, ಹ್ಯಾನ್ಸನ್ ಹತ್ತಿರ 5ರ ಜೋಡಿ. ಫ್ಲಾಪ್ 9, 6, 5. ಮೊದಲು ಮಾತಾಡಬೇಕಾಗಿದ್ದ ನೆಗ್ರಾನು ಚೆಕ್ ಎಂದರು. ಹ್ಯಾನ್ಸನ್ 8,000 ಡಾಲರ್ ಬೆಟ್ ಮಾಡಿದರು. ನೆಗ್ರಾನು 26,000ಕ್ಕೆ ಏರಿಸಿದರು. ಅಚ್ಚುಕಟ್ಟಾದ ಚೆಕ್-ರೇಸ್. ಟರ್ನ್‌ನಲ್ಲಿ ಮತ್ತೊಂದು 5 ಬಿದ್ದು ಹ್ಯಾನ್ಸನ್‌ಗೆ ನಾಲ್ಕೂ 5 ಕೂಡಿದವು. 5,75,700 ಡಾಲರ್ ಪಾಟ್ ಅವರ ಪಾಲಾಯಿತು. ನೆಗ್ರಾನು ಸೋತರೂ ಅವರ ಚೆಕ್-ರೇಸ್ ಸರಿಯಾಗಿಯೇ ಇತ್ತು. ಫಲ ನೋಡಿ ಆಟವನ್ನು ತೂಗುವ ಚಟ ಬಿಡದಿದ್ದರೆ ಟಿ.ವಿ. ಪೋಕರ್‌ನಿಂದ ಏನನ್ನೂ ಕಲಿಯಲಾಗದು.

ಹಂತ 6: ಚೆಕ್ ಎನ್ನುವ ಮೊದಲೇ ಮುಂದಿನ ಉತ್ತರ ಸಿದ್ಧವಿರಲಿ

ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಹಂತವನ್ನು ಇಟ್ಟುಕೊಳ್ಳಿ. ಇದಕ್ಕೆ 2003ರ ವರ್ಲ್ಡ್ ಸೀರೀಸ್ ಫೈನಲ್‌ಗಿಂತ ಒಳ್ಳೆಯ ಪಾಠವಿಲ್ಲ. ತಲಾ 10,000 ಡಾಲರ್ ಪ್ರವೇಶದ ಆ ಪಂದ್ಯಕ್ಕೆ 839 ಮಂದಿ ಬಂದಿದ್ದರು. ಉಳಿದವರು ಇಬ್ಬರು: ಆನ್‌ಲೈನ್ ಅರ್ಹತಾ ಪಂದ್ಯದ ಮೂಲಕ ಬಂದ ಟೆನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್, ಮತ್ತು ವೃತ್ತಿಪರ ಆಟಗಾರ ಸ್ಯಾಮಿ ಫರ್ಹಾ.

ಮನಿಮೇಕರ್ ಕೈಯಲ್ಲಿ ಇಸ್ಪೀಟಿನ ರಾಜ ಮತ್ತು ಆಟಿನ್ 7. ಅವರು 1,00,000ಕ್ಕೆ ರೇಸ್ ಮಾಡಿದರು. ಫರ್ಹಾ ಕೈಯಲ್ಲಿ ಇಸ್ಪೀಟಿನ ರಾಣಿ ಮತ್ತು ಆಟಿನ್ 9, ಕಾಲ್ ಮಾಡಿದರು. ಇನ್ನು ಮುಂದೆ ಪ್ರತಿ ಸುತ್ತಿನಲ್ಲೂ ಫರ್ಹಾ ಮೊದಲು. ಫ್ಲಾಪ್: ಇಸ್ಪೀಟು 9, ಡೈಮಂಡ್ 2, ಇಸ್ಪೀಟು 6. ಫರ್ಹಾಗೆ ದೊಡ್ಡ ಜೋಡಿ ಕೂಡಿತು, ಚೆಕ್ ಎಂದರು. ಮನಿಮೇಕರ್ ಕೂಡ ಚೆಕ್. ಟರ್ನ್: ಇಸ್ಪೀಟು 8. ಈಗ ಇಬ್ಬರಿಗೂ ಫ್ಲಶ್‌ಗೆ ಒಂದೇ ಎಲೆ ಕಡಿಮೆ; ಮನಿಮೇಕರ್‌ಗೆ ಸ್ಟ್ರೇಟ್‌ಗೂ ಒಂದೇ ಎಲೆ ಕಡಿಮೆ. ಫರ್ಹಾ 3,00,000 ಬೆಟ್ ಮಾಡಿದರು, ಮನಿಮೇಕರ್ 8,00,000ಕ್ಕೆ ಏರಿಸಿದರು, ಫರ್ಹಾ ಕಾಲ್. ಪಾಟ್ ಸುಮಾರು 18 ಲಕ್ಷ. ರಿವರ್: ಆಟಿನ್ 3. ಯಾರಿಗೂ ಏನೂ ಕೂಡಲಿಲ್ಲ. ಫರ್ಹಾ ಚೆಕ್ ಎಂದರು. ಮನಿಮೇಕರ್ ಆಲ್-ಇನ್, ಅಂದರೆ ತಮ್ಮೆಲ್ಲ ಚಿಪ್ ಮುಂದಿಟ್ಟರು.

ರಟ್ಟಿನ ತುಂಡು ಅಂಟಿಸಿಕೊಂಡು ಫರ್ಹಾ ಜಾಗದಲ್ಲಿ ಕೂತು ನೋಡಿ. ಕೈಯಲ್ಲಿ 9ರ ಜೋಡಿ. ಮೇಜಿನ ಮೇಲೆ ಮೂರು ಇಸ್ಪೀಟು. 9, 8, 6 ಸ್ಟ್ರೇಟ್‌ಗೂ ದಾರಿ ಮಾಡಿವೆ. ಎದುರಾಳಿ ಟರ್ನ್‌ನಲ್ಲೇ ಏರಿಸಿದ್ದಾರೆ. ಕಾಲ್ ಮಾಡಿ ಸೋತರೆ ಪಂದ್ಯವೇ ಮುಗಿಯಿತು. ಫರ್ಹಾ ತುಂಬ ಹೊತ್ತು ಯೋಚಿಸಿ ಫೋಲ್ಡ್ ಮಾಡಿದರು. ಮನಿಮೇಕರ್ ಹತ್ತಿರ ಜೋಡಿಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅವರು ಪಂದ್ಯ ಗೆದ್ದು 25 ಲಕ್ಷ ಡಾಲರ್ ಪಡೆದರು. ಅಲ್ಲಿಂದ ಲಕ್ಷಾಂತರ ಹವ್ಯಾಸಿಗಳು ಈ ಆಟಕ್ಕೆ ಬಂದರು.

ನನ್ನ ದೃಷ್ಟಿಯಲ್ಲಿ ಫರ್ಹಾ ರಿವರ್‌ನಲ್ಲಿ ಚೆಕ್ ಎಂದದ್ದು ತಪ್ಪಲ್ಲ. ಆ ಕೈಗೆ ಬೆಟ್ ಕಟ್ಟಿದ್ದರೆ ಕೆಳಗಿನ ಕೈಗಳು ಕಾಲ್ ಮಾಡುತ್ತಿರಲಿಲ್ಲ. ನಿರ್ಧಾರದ ಭಾರ ಬಿದ್ದದ್ದು ಆಮೇಲೆ, ಎದುರಿನ ಚಿಪ್ ರಾಶಿ ಮುಂದೆ ಬಂದು ಎಲ್ಲರ ಕಣ್ಣು ತಮ್ಮ ಮೇಲೆ ನೆಟ್ಟಾಗ. ಆ ಹೊತ್ತಿನಲ್ಲಿ ಯೋಚಿಸುವುದು ಯಾರಿಗೂ ಕಷ್ಟ. ಹಾಗಾಗಿ ಯೋಚನೆಯನ್ನು ಒಂದು ಹೆಜ್ಜೆ ಮುಂಚೆಯೇ ಮುಗಿಸಿ. ಚೆಕ್ ಎಂಬ ಮಾತು ಬಾಯಿಗೆ ಬರುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಸಣ್ಣ ಬೆಟ್ ಬಂದರೆ ಏನು? ಪಾಟ್‌ನಷ್ಟೇ ದೊಡ್ಡ ಬೆಟ್ ಬಂದರೆ ಏನು? ಆಲ್-ಇನ್ ಬಂದರೆ ಏನು?

ಲೆಕ್ಕವೂ ಕೈಯಲ್ಲಿರಲಿ. ಪಾಟ್‌ನ ಅರ್ಧದಷ್ಟು ಬೆಟ್ ಬಂದರೆ ನಾಲ್ಕು ಕಾಲ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ನೀವು ಗೆದ್ದರೆ ಲಾಭ. ಪಾಟ್‌ನಷ್ಟೇ ಬಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಆಮೇಲೆ ಎದುರಾಳಿಯ ಕಥೆಯನ್ನು ಫ್ಲಾಪ್‌ಗೆ ಮುಂಚಿನಿಂದ ಓದಿ. ಮನಿಮೇಕರ್ ಫ್ಲಾಪಿನಲ್ಲಿ ಚೆಕ್ ಎಂದಿದ್ದರು. ಆಗಲೇ ದೊಡ್ಡ ಕೈ ಇದ್ದಿದ್ದರೆ ಎರಡು ಇಸ್ಪೀಟು ಬಿದ್ದ ಮೇಜಿನಲ್ಲಿ ಬಿಟ್ಟಿ ಎಲೆ ಕೊಡುತ್ತಿದ್ದರೇ? ಅಲ್ಲದೆ ಇಸ್ಪೀಟಿನ ರಾಣಿ ಫರ್ಹಾ ಕೈಯಲ್ಲೇ ಇತ್ತು. ರಾಣಿಯುಳ್ಳ ಫ್ಲಶ್ ಎದುರಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಈ ಎರಡು ಸುಳಿವು ಕಾಲ್ ಕಡೆಗೆ ವಾಲುತ್ತವೆ, ಟರ್ನ್‌ನ ರೇಸ್ ಫೋಲ್ಡ್ ಕಡೆಗೆ. ತೀರ್ಪು ಏನೇ ಇರಲಿ, ಚೆಕ್ ಎನ್ನುವ ಮೊದಲು ತೂಗಿಟ್ಟಿದ್ದರೆ ಆಲ್-ಇನ್ ಬಂದಾಗ ಉತ್ತರ ಕೊಡುವುದಷ್ಟೇ ಉಳಿಯುತ್ತದೆ.

ಹಂತ 7: ಮನೆಯಲ್ಲೇ ಅಭ್ಯಾಸ ಮಾಡಿ

ಅಭ್ಯಾಸಕ್ಕೆ ಹಣ ಬೇಡ, ಆನ್‌ಲೈನಿನಲ್ಲಂತೂ ಬೇಡವೇ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ, ನಿಷೇಧಿಸಿದೆ. ಒಂದು ಕಟ್ಟು ಇಸ್ಪೀಟೆಲೆ, ಒಂದು ಬೋಗುಣಿ ಹುಣಸೆ ಬೀಜ, ಒಬ್ಬ ಗೆಳೆಯ ಅಥವಾ ಅಕ್ಕತಂಗಿ ಇದ್ದರೆ ಸಾಕು.

ಇಬ್ಬರೂ ತಲಾ 100 ಬೀಜ ಇಟ್ಟುಕೊಳ್ಳಿ. ಬ್ಲೈಂಡ್ 1 ಮತ್ತು 2. ಬಟನ್ ಬದಲಿಸದೆ 20 ಕೈ ಆಡಿ; ಅಷ್ಟೂ ಹೊತ್ತು ಬಿಗ್ ಬ್ಲೈಂಡಿನಲ್ಲಿ ಕೂತು ಫ್ಲಾಪ್ ಆದಮೇಲೆ ಮೊದಲು ಮಾತಾಡುವವರು ನೀವೇ. ಆಮೇಲೆ ಜಾಗ ಬದಲಿಸಿ ಮತ್ತೆ 20. ಇಬ್ಬರೇ ಇರುವಾಗ ಹೆಚ್ಚು ಕೈಗಳನ್ನು ಆಡಬೇಕಾಗುತ್ತದೆ, ಆದ್ದರಿಂದ ಮೂರನೇ ಹಂತದ ಬಿಗಿಯನ್ನು ಇಲ್ಲಿ ಸ್ವಲ್ಪ ಸಡಿಲಿಸಿ. ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ. ಗೆದ್ದಿರೋ ಸೋತಿರೋ ಬರೆಯಬೇಡಿ. ಪ್ರತಿ ಚೆಕ್‌ಗೆ ಮುಂಚೆ, ಎದುರಿನಿಂದ ಬೆಟ್ ಬಂದರೆ ಮಾಡುವುದನ್ನು ಒಂದೇ ಅಕ್ಷರದಲ್ಲಿ ಗುರುತು ಹಾಕಿ: ಫೋಲ್ಡ್‌ಗೆ ‘ಫೋ’, ಕಾಲ್‌ಗೆ ‘ಕಾ’, ರೇಸ್‌ಗೆ ‘ರೇ’. ನಿಜಕ್ಕೂ ಬೆಟ್ ಬಂದಾಗ ಬರೆದದ್ದನ್ನು ಬಿಟ್ಟು ಬೇರೆ ಮಾಡಿದಿರಾದರೆ ಅಲ್ಲೊಂದು ಗೆರೆ ಎಳೆಯಿರಿ. ಆಟ ಮುಗಿದ ಮೇಲೆ ಗೆರೆ ಬಿದ್ದ ಕೈಗಳನ್ನಷ್ಟೇ ಮತ್ತೆ ಹರಡಿ, ಇಬ್ಬರೂ ಎಲೆ ಬಿಚ್ಚಿಟ್ಟುಕೊಂಡು, ಫ್ಲಾಪ್‌ನಿಂದ ಒಂದೊಂದೇ ಸುತ್ತು ಮಾತಾಡಿ ನೋಡಿ.